ನಾಯಿಗೊಂದು ಮಡಚುವ ಮಂಚ: ಅಳತೆಯಿಂದ ಕೊನೆಯ ಬೋಲ್ಟ್‌ವರೆಗೆ

ಜಡಿಮಳೆಯ ದಿನಗಳಲ್ಲಿ ನೆಲಕ್ಕೆ ಗೋಣಿಚೀಲ ಹಾಸಿ ನಾಯಿಯನ್ನು ಮಲಗಿಸಿದರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಹತ್ತಿ ತುಂಬಿದ ಹಾಸಿಗೆ ಕೊಟ್ಟರೆ ಅದನ್ನು ಬಿಟ್ಟು ಬರಿನೆಲ ಹುಡುಕುತ್ತದೆ. ನೆಲದಿಂದ ಒಂದು ಗೇಣು ಎತ್ತರದಲ್ಲಿ, ಕೆಳಗೆ ಗಾಳಿಯಾಡುವಂತೆ ಬಿಗಿದ ಬಟ್ಟೆಯ ಮಂಚ ಈ ಎರಡಕ್ಕೂ ಉತ್ತರ. ಹಗ್ಗದ ಹೊರಸಿನ ಮೇಲೆ ಮಲಗಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ನಾಯಿಗೂ ಒಂದು ಮಂಚವೆಂದರೆ ಹಗಲು ಅದನ್ನು ಎತ್ತಿಡುವಂತಿರಬೇಕು. ತೊಡಕು ಶುರುವಾಗುವುದು ಅಲ್ಲೇ. ಮಂಚವನ್ನು ಯಾರಾದರೂ ಮಾಡಿಯಾರು. ಮಡಚುವ ಕಾಲು ನಾಯಿ ಹಾರಿದ ಹೊತ್ತಿನಲ್ಲಿ ಮಡಚಿಕೊಳ್ಳದಂತೆ ಮಾಡುವುದು ಕಷ್ಟ.

ಇಲ್ಲಿ ಕೊಟ್ಟಿರುವ ವಿನ್ಯಾಸ 15ರಿಂದ 20 ಕೆಜಿ ತೂಗುವ ನಾಟಿ ನಾಯಿಗೆ. ಬಿಚ್ಚಿದಾಗ 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ. ಮಡಚಿದಾಗ ದಪ್ಪ ಆರೂವರೆ ಸೆಂ.ಮೀ. ಮೀರದು, ಬೀರುವಿನ ಹಿಂದೆ ಒರಗಿಸಿಡಬಹುದು. ತೂಕ ಐದಾರು ಕೆಜಿ.

ಮೊದಲು ನಾಯಿಯನ್ನು ಅಳೆಯಿರಿ

ನಿಂತ ನಾಯಿಯನ್ನು ಅಳೆದು ಮಂಚ ಮಾಡಿದರೆ ಅದು ಚಿಕ್ಕದಾಗುತ್ತದೆ. ಪಕ್ಕಕ್ಕೆ ಕಾಲು ಚಾಚಿ ಗಾಢವಾಗಿ ಮಲಗಿದಾಗ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಟೇಪು ಹಿಡಿಯಿರಿ, ಅದಕ್ಕೆ 15 ಸೆಂ.ಮೀ. ಸೇರಿಸಿ. ಅದು ಉದ್ದ. ಬೆನ್ನಿನಿಂದ ಸಡಿಲವಾಗಿ ಚಾಚಿದ ಪಾದದವರೆಗಿನ ಅಳತೆ ಅಗಲ. ಪಾದ ಒಂದಿಷ್ಟು ಹೊರಗೆ ಜೋತರೂ ಚಿಂತೆಯಿಲ್ಲ, ಬೆನ್ನು ಮತ್ತು ಸೊಂಟ ಬಟ್ಟೆಯ ಮೇಲೇ ಇರಬೇಕು.

ಮುಧೋಳ ನಾಯಿಯ ಲೆಕ್ಕವೇ ಬೇರೆ. 2005ರಲ್ಲಿ ಅಂಚೆಚೀಟಿಗೂ ಏರಿದ ಈ ತಳಿಯ ಭುಜದೆತ್ತರ 70 ಸೆಂ.ಮೀ. ಆಸುಪಾಸು. ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು, ಮೂಳೆ ನೇರವಾಗಿ ನೆಲಕ್ಕೆ ತಾಗುತ್ತದೆ. ಗಟ್ಟಿನೆಲದ ಮೇಲೆ ಮಲಗಿ ಮಲಗಿ ಮೊಣಕೈ ಗಟ್ಟಿಕಟ್ಟುವುದು, ಅಲ್ಲಿ ನೀರು ತುಂಬಿ ಊದಿಕೊಳ್ಳುವುದು ಇಂಥ ನಾಯಿಗಳಲ್ಲೇ ಹೆಚ್ಚು. ತೂಗುಬಟ್ಟೆಯ ಮಂಚದ ಲಾಭ ಹೆಚ್ಚು ಸಿಗುವುದೂ ಅವಕ್ಕೇ. ಮುಧೋಳ ಅಥವಾ ಲ್ಯಾಬ್ರಡಾರ್ ಇದ್ದರೆ 110 × 75 ಸೆಂ.ಮೀ.ಗೆ ಹೋಗಿ, ಉದ್ದ ರೀಪಿನ (ಚೌಕಟ್ಟಿನ ಉದ್ದದ ಬದಿಯ ಮರ) ದಪ್ಪವನ್ನು ಒಂದೂವರೆ ಇಂಚಿನಿಂದ ಎರಡು ಇಂಚಿಗೆ ಏರಿಸಿ, ಬೋಲ್ಟ್‌ಗಳ ಉದ್ದವನ್ನೂ ಅಷ್ಟೇ ಹೆಚ್ಚಿಸಿಕೊಳ್ಳಿ.

ಸೊಂಟನೋವಿನ ಮುದಿನಾಯಿಗೆ 20 ಸೆಂ.ಮೀ. ಎತ್ತರ ಹೆಚ್ಚಾಯಿತು, 12 ಸಾಕು. ಆರು ತಿಂಗಳೊಳಗಿನ ಮರಿಗೆ ಈ ಮಂಚ ಮಾಡಲೇಬೇಡಿ. ಹಲ್ಲು ಬರುವ ಕಾಲದಲ್ಲಿ ಅದು ರೀಪನ್ನು ಕಬ್ಬಿನಂತೆ ಜಗಿಯುತ್ತದೆ.

ಕತ್ತರಿಕಾಲು ಯಾಕೆ ಬೇಡ

ಮಡಚುವುದು ಎಂದ ಕೂಡಲೇ ಕಣ್ಣಮುಂದೆ ಬರುವುದು ಕ್ಯಾನ್ವಾಸ್ ಸ್ಟೂಲಿನ ಕತ್ತರಿಕಾಲು. ಎರಡು ಕೋಲು, ನಡುವೆ ಒಂದು ಬೋಲ್ಟ್, ಬಟ್ಟೆಯೇ ಅದನ್ನು ತಡೆದು ನಿಲ್ಲಿಸುತ್ತದೆ. ಸ್ಟೂಲಿಗೆ ಇದು ಚೆನ್ನ. ನಾಯಿಮಂಚಕ್ಕೆ ಆಗದು, ಯಾಕೆಂದರೆ ಇದು ಅಗಲ ಮತ್ತು ಗಿಡ್ಡ. ನುಣುಪು ನೆಲದ ಮೇಲೆ ಬಟ್ಟೆಯನ್ನು ಎಳೆಯುವ ಬಲ ಎಷ್ಟೆಂದರೆ, ಆ ಮೂಲೆಗೆ ಬಿದ್ದ ಭಾರವನ್ನು ಅಗಲದ ಎರಡರಷ್ಟರಿಂದ ಗುಣಿಸಿ ಎತ್ತರದಿಂದ ಭಾಗಿಸಿದಷ್ಟು. ಅಗಲ, ಎತ್ತರ ಸಮವಿದ್ದರೆ ಭಾರದ ಎರಡು ಪಟ್ಟು. 60 ಅಗಲ, 20 ಎತ್ತರವಾದರೆ ಆರು ಪಟ್ಟು! ಕತ್ತರಿಕಾಲಿನ ಗಿಡ್ಡ ಮಂಚಗಳಲ್ಲಿ ಅಂಚಿನ ಹೊಲಿಗೆ ಬಿಡುವುದು ಇದಕ್ಕೇ. ಹೊಲಿದವರ ತಪ್ಪಲ್ಲ.

ಹಾಗಾಗಿ ಚೌಕಟ್ಟು ಗಟ್ಟಿಯಾಗಿಯೇ ಇರಲಿ, ಕಾಲು ಮಾತ್ರ ಒಳಕ್ಕೆ ಮಡಚಲಿ. ಎರಡೆರಡು ಕಾಲನ್ನು ಅಡ್ಡಕೋಲಿನಿಂದ ಜೋಡಿಸಿ, ಆ ಜೋಡಿಯನ್ನು ಉದ್ದ ರೀಪುಗಳ ಒಳಬದಿಗೆ ಒಂದೊಂದು ಬೋಲ್ಟಿನ ಮೇಲೆ ತಿರುಗುವಂತೆ ಕೂರಿಸುತ್ತೇವೆ. ಬಿಚ್ಚಿದಾಗ ಕಾಲು ನೆಟ್ಟಗೆ ನಿಲ್ಲದೆ 10 ಡಿಗ್ರಿ ಹೊರಕ್ಕೆ ವಾಲಿ ಚೌಕಟ್ಟಿನ ತುದಿಯ ಅಡ್ಡ ರೀಪಿಗೆ ಆನಿಕೊಳ್ಳುತ್ತದೆ. ಭಾರ ಬಿದ್ದಷ್ಟೂ ಕಾಲು ಇನ್ನಷ್ಟು ಹೊರಕ್ಕೆ ಹೋಗಲು ನೋಡುತ್ತದೆ, ಅಡ್ಡ ರೀಪು ಬಿಡುವುದಿಲ್ಲ.

ಇಷ್ಟೇ ಸಾಕೆಂದು ಬಿಟ್ಟವರು ಮುಂದೆ ಪಶ್ಚಾತ್ತಾಪ ಪಡುತ್ತಾರೆ. ನಾಯಿ ಓಡಿಬಂದು ಉದ್ದುದ್ದಕ್ಕೆ ಹಾರಿದಾಗ ಮಂಚ ಮುಂದಕ್ಕೆ ಜಾರಲು ನೋಡುತ್ತದೆ, ನೆಲ ಪಾದವನ್ನು ಹಿಡಿದಿಡುತ್ತದೆ. ಮುಂದಿನ ಜೋಡಿಕಾಲಿಗೆ ಇದು ಒಳಕ್ಕೆ ದೂಡಿದಂತೆ. 10 ಡಿಗ್ರಿ ವಾಲಿಕೆ ತಡೆಯುವುದು ಭಾರದ ಆರನೇ ಒಂದು ಪಾಲಿನಷ್ಟು ತಳ್ಳುವಿಕೆಯನ್ನು ಮಾತ್ರ. ಪಾದಕ್ಕೆ ರಬ್ಬರ್ ಹಾಕಿದ್ದರೆ ನೆಲದ ಹಿಡಿತ ಅದಕ್ಕಿಂತ ಎಷ್ಟೋ ಹೆಚ್ಚು. ಜಾರಬಾರದೆಂದು ಹಾಕಿದ ರಬ್ಬರೇ ಕಾಲು ಮಡಚಿಸಿಬಿಡುತ್ತದೆ. ಆದ್ದರಿಂದ ಪ್ರತಿ ಕಾಲಿಗೂ ಅದನ್ನು ರೀಪಿಗೆ ಹಿಡಿದಿಡುವ ಒಂದು ಪಿನ್ ಬೇಕೇ ಬೇಕು.

ಮರ ಮತ್ತು ಸಾಮಾನು

ತೇಗ, ಹೊನ್ನೆ, ಹಲಸು ಯಾವುದಾದರೂ ಸರಿ. ಕಾಫಿ ತೋಟದ ಕಡೆಯವರಿಗೆ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ. ಅದು ಚೆನ್ನಾಗಿ ಒಣಗಿರಬೇಕು, ಇಲ್ಲವಾದರೆ ತಿರುಚಿಕೊಳ್ಳುತ್ತದೆ. ಮತ್ತಿ ಗಟ್ಟಿ, ಆದರೆ ದಿನಾ ಎತ್ತಿಡುವ ವಸ್ತುವಿಗೆ ಭಾರ ಹೆಚ್ಚು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದಲ್ಲಿ ಗಂಟು ಜಾಸ್ತಿ. ಬೋಲ್ಟ್ ಹೋಗುವ ಜಾಗದಲ್ಲಿ ಗಂಟಿದ್ದರೆ ಮರ ಸೀಳುತ್ತದೆ.

ಬೇಕಾದ ತುಂಡುಗಳು (ಎಲ್ಲವೂ ಕೀಸಿದ ಮೇಲಿನ ಅಳತೆ):

ಉದ್ದ ರೀಪು: 62 × 38 ಮಿ.ಮೀ. (ಎರಡೂವರೆ × ಒಂದೂವರೆ ಇಂಚು), 90 ಸೆಂ.ಮೀ., 2
ಅಡ್ಡ ರೀಪು: 38 × 38 ಮಿ.ಮೀ., 52.4 ಸೆಂ.ಮೀ., 2
ಕಾಲು: 38 × 25 ಮಿ.ಮೀ., 22 ಸೆಂ.ಮೀ., 4
ಕಾಲುಗಳ ನಡುವಿನ ಅಡ್ಡಕೋಲು: 38 × 25 ಮಿ.ಮೀ., 47 ಸೆಂ.ಮೀ., 2

ಅಂಗಡಿಯಲ್ಲಿ ಒಂದೂವರೆ ಇಂಚು ಎಂದು ಕೊಟ್ಟದ್ದು ಕೀಸುಳಿ ಹೊಡೆದ ಮೇಲೆ ಎರಡು ಮೂರು ಮಿ.ಮೀ. ಕಡಿಮೆಯಾಗಿರುತ್ತದೆ. ಹಾಗಾಗಿ ಅಡ್ಡಕೋಲನ್ನು ಮೊದಲೇ ಕತ್ತರಿಸಬೇಡಿ. ಚೌಕಟ್ಟು ಕೂಡಿದ ಮೇಲೆ ಒಳ ಅಗಲ ಅಳೆದು, ಅದರಲ್ಲಿ ಎರಡು ಕಾಲಿನ ದಪ್ಪವನ್ನೂ ಎರಡು ವಾಷರ್‌ಗೆಂದು 4 ಮಿ.ಮೀ.ಯನ್ನೂ ಕಳೆದು ಕತ್ತರಿಸಿ.

ಹಾರ್ಡ್‌ವೇರ್ ಅಂಗಡಿಯಿಂದ: 10 ಮಿ.ಮೀ. ದಪ್ಪ, 75 ಮಿ.ಮೀ. ಉದ್ದದ ಬೋಲ್ಟ್ 4, ಅವಕ್ಕೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿರುವ ನಟ್) 4, ವಾಷರ್ 12. ಬಟ್ಟೆ ಹಿಡಿಯಲು 25 × 3 ಮಿ.ಮೀ.ನ ಅಲ್ಯುಮಿನಿಯಂ ಪಟ್ಟಿ 84 ಸೆಂ.ಮೀ.ನ ಎರಡು ತುಂಡು, 6 × 40 ಮಿ.ಮೀ. ದುಂಡುತಲೆಯ ಬೋಲ್ಟ್ 12, ಸೋಫಾ ಮಾಡುವವರು ಬಳಸುವ ಟೀ ನಟ್ 12. ಪಿನ್‌ಗೆ 8 ಮಿ.ಮೀ. ಸರಳು. 75 ಮತ್ತು 65 ಮಿ.ಮೀ. ಮರದ ಸ್ಕ್ರೂ ಎಂಟೆಂಟು, ಮರದ ಅಂಟು.

ಚೌಕಟ್ಟು

ಉದ್ದ ರೀಪನ್ನು ನೆಟ್ಟಗೆ, ಅಂದರೆ 62 ಮಿ.ಮೀ. ಎತ್ತರ ಬರುವಂತೆ ನಿಲ್ಲಿಸಿ. ಅಡ್ಡ ರೀಪುಗಳನ್ನು ಅವುಗಳ ನಡುವೆ, ತೀರಾ ತುದಿಗೆ, ಕೆಳ ಅಂಚು ಸಮವಾಗುವಂತೆ ಕೂರಿಸಿ. ಆಗ ಅಡ್ಡ ರೀಪಿನ ತಲೆ ಉದ್ದ ರೀಪಿನ ತಲೆಗಿಂತ 24 ಮಿ.ಮೀ. ತಗ್ಗಿನಲ್ಲಿರುತ್ತದೆ. ಇದು ಬೇಕೆಂದೇ ಇಟ್ಟ ತಗ್ಗು. ಸಮವಾಗಿಟ್ಟರೆ ಬಟ್ಟೆ ಜೋತ ಕೂಡಲೇ ನಾಯಿಯ ಕುತ್ತಿಗೆಗೆ ಮರ ಒತ್ತುತ್ತದೆ. ತಗ್ಗಿನಲ್ಲಿದ್ದರೆ ಅದೇ ತಲೆಗಿಂಬಾಗುತ್ತದೆ. ಅಡ್ಡ ರೀಪಿನ ಮೇಲಂಚನ್ನು ಉಜ್ಜಿ ದುಂಡಗೆ ಮಾಡಿ.

ಜೋಡಣೆಗೆ ಅಂಟು ಹಚ್ಚಿ, ಹೊರಗಿನಿಂದ ಪ್ರತಿ ಮೂಲೆಗೆ 75 ಮಿ.ಮೀ.ನ ಎರಡು ಸ್ಕ್ರೂ. ಮೊದಲು ತೂತು ಕೊರೆಯದೆ ಸ್ಕ್ರೂ ಹೊಡೆದರೆ ಅಡ್ಡ ರೀಪಿನ ತುದಿ ಸೀಳುವುದು ಖಂಡಿತ. ಮರದ ತುದಿಗೆ ಹೊಡೆದ ಸ್ಕ್ರೂ ನಿಲ್ಲುವುದಿಲ್ಲ ಎಂದು ಬಡಗಿಗಳು ಹೇಳುವುದು ಸರಿಯೇ, ಆದರೆ ಇಲ್ಲಿ ಬಟ್ಟೆ ಉದ್ದ ರೀಪುಗಳನ್ನು ಸದಾ ಒಳಕ್ಕೆ ಎಳೆಯುತ್ತಿರುವುದರಿಂದ ಈ ಕೂಡುಗೆ ಒತ್ತಿಕೊಂಡೇ ಇರುತ್ತದೆ. ಅಂಟು ಒಣಗುವ ಮುನ್ನ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಉದ್ದದ ಕರ್ಣವನ್ನು ಒತ್ತಿ ಸರಿಪಡಿಸಿ. ಸೊಟ್ಟ ಚೌಕಟ್ಟಿನಲ್ಲಿ ಕಾಲಿನ ಜೋಡಿ ತಿರುಗದೆ ಸಿಕ್ಕಿಕೊಳ್ಳುತ್ತದೆ.

ಕಾಲು ಕೂರಿಸುವುದು

ನಿಧಾನವಾಗಿ ಮಾಡಬೇಕಾದ ಕೆಲಸ ಇದು. ಉದ್ದ ರೀಪಿನಲ್ಲಿ ಮೇಲಂಚಿನಿಂದ 22 ಮಿ.ಮೀ. ಕೆಳಗೆ, ತುದಿಯಿಂದ 64 ಮಿ.ಮೀ. ಒಳಗೆ ಗುರುತು ಹಾಕಿ. ನಾಲ್ಕೂ ಕಡೆ ಇದೇ ಅಳತೆ, ಒಂದು ಮಿ.ಮೀ. ಆಚೀಚೆ ಆದರೂ ಪಾದದ ಬಳಿ ಅದು ನಾಲ್ಕೈದಾಗಿ ಕಾಣುತ್ತದೆ. ಹೊರಬದಿಯಿಂದ ಮೊದಲು 25 ಮಿ.ಮೀ. ಅಗಲದ ಡ್ರಿಲ್ ಬಿಟ್ಟಿನಲ್ಲಿ 10 ಮಿ.ಮೀ. ಆಳದ ಕುಳಿ ಕೊರೆದು, ಅದರ ನಡುವೆ 10 ಮಿ.ಮೀ. ತೂತು ಆರಪಾರ ತೆಗೆಯಿರಿ. ಬೋಲ್ಟಿನ ತಲೆ ಈ ಕುಳಿಯಲ್ಲಿ ಅಡಗಿಕೊಂಡರೆ ಬಟ್ಟೆ ಅದರ ಮೇಲೆ ಸಲೀಸಾಗಿ ಹಾದುಹೋಗುತ್ತದೆ. ಕ್ರಮ ತಪ್ಪಿ ಸಣ್ಣ ತೂತನ್ನು ಮೊದಲು ಕೊರೆದರೆ ದೊಡ್ಡ ಬಿಟ್ಟಿಗೆ ನಡುವೆ ಹಿಡಿತವೇ ಸಿಗದು.

ಕಾಲಿನ ಒಂದು ತುದಿಯನ್ನು ಅರ್ಧವೃತ್ತವಾಗಿ ದುಂಡಗೆ ಮಾಡಿ. ಆ ತುದಿಯಿಂದ 19 ಮಿ.ಮೀ. ಕೆಳಗೆ, ನಡುಮಧ್ಯೆ 10 ಮಿ.ಮೀ. ತೂತು. ಇನ್ನೊಂದು ತುದಿಯಿಂದ 10 ಸೆಂ.ಮೀ. ಮೇಲೆ ಅಡ್ಡಕೋಲನ್ನು ಅಂಟು ಮತ್ತು 65 ಮಿ.ಮೀ. ಸ್ಕ್ರೂಗಳಿಂದ ಜೋಡಿಸಿ, ಸ್ಕ್ರೂ ತಲೆ ಮರದೊಳಗೆ ಪೂರ್ತಿ ಕೂರಲಿ. ಇನ್ನೂ ಕೆಳಗೆ ಇಟ್ಟರೆ ಪೊರಕೆಗೆ ಅಡ್ಡ, ಮೇಲಿಟ್ಟರೆ ಮಂಚ ಪಕ್ಕಕ್ಕೆ ವಾಲಾಡುತ್ತದೆ.

ಈಗ ಬೋಲ್ಟ್ ತೂರಿಸಿ. ಹೊರಗಿನಿಂದ ಒಳಕ್ಕೆ ಕ್ರಮ ಹೀಗೆ: ಬೋಲ್ಟ್ ತಲೆ, ವಾಷರ್, ಉದ್ದ ರೀಪು, ವಾಷರ್, ಕಾಲು, ವಾಷರ್, ನೈಲಾಕ್ ನಟ್. ರೀಪಿಗೂ ಕಾಲಿಗೂ ನಡುವಿನ ವಾಷರ್ ಮರೆತರೆ ಮಳೆಗಾಲದಲ್ಲಿ ಮರ ಉಬ್ಬಿ ಕಾಲು ತಿರುಗುವುದೇ ಇಲ್ಲ. ನಟ್ಟನ್ನು ಕೈಯಿಂದ ಕಾಲು ತಿರುಗಿಸಲು ತುಸು ಬಲ ಬೇಕಾಗುವಷ್ಟು ಮಾತ್ರ ಬಿಗಿಯಿರಿ. ಇಲ್ಲಿ ಮಾಮೂಲಿ ನಟ್ ಬೇಡ, ನಾಲ್ಕು ದಿನ ಮಡಚಿ ಬಿಚ್ಚಿದರೆ ತಾನಾಗಿ ಸಡಿಲವಾಗುತ್ತದೆ.

ಕಾಲುಗಳನ್ನು ಬಿಚ್ಚಿ ಅಡ್ಡ ರೀಪಿಗೆ ಆನಿಸಿ. ಬೋಲ್ಟಿನಿಂದ ನೇರ ಇಳಿಸಿದ ಗೆರೆಗಿಂತ ಪಾದ ಸುಮಾರು 3 ಸೆಂ.ಮೀ. ಹೊರಗಿದ್ದರೆ ವಾಲಿಕೆ ಸರಿಯಾಗಿದೆ. ಆ ಸ್ಥಿತಿಯಲ್ಲೇ ಕಾಲನ್ನು ಕ್ಲ್ಯಾಂಪ್ ಹಾಕಿ ಹಿಡಿದು, ಒಳಬದಿಯಿಂದ, ಬೋಲ್ಟಿನ 28 ಮಿ.ಮೀ. ಕೆಳಗೆ 8 ಮಿ.ಮೀ. ಬಿಟ್ಟಿನಲ್ಲಿ ಕಾಲು ಮತ್ತು ರೀಪು ಎರಡನ್ನೂ ಒಟ್ಟಿಗೇ ಕೊರೆಯಿರಿ. ಬೇರೆ ಬೇರೆಯಾಗಿ ಕೊರೆದ ತೂತುಗಳು ಎಂದೂ ಒಂದಕ್ಕೊಂದು ಕೂಡಿಬರುವುದಿಲ್ಲ. ಬಿಟ್ಟಿಗೆ 57 ಮಿ.ಮೀ. ದೂರದಲ್ಲಿ ಟೇಪು ಸುತ್ತಿ ಅಲ್ಲಿಗೇ ನಿಲ್ಲಿಸಿ, ಹೊರಕ್ಕೆ ತೂರಬಾರದು. ಡ್ರಿಲ್ಲಿನ ಹಿಂಭಾಗವನ್ನು ಕೂದಲೆಳೆಯಷ್ಟು ಎತ್ತಿ ಹಿಡಿದರೆ, ಮಂಚ ನಿಂತಾಗ ತೂತು ಹೊರಕ್ಕೆ ಕೆಳಮುಖವಾಗಿ ಇಳಿಜಾರಾಗಿರುತ್ತದೆ. ಪಿನ್ ತನ್ನ ಭಾರಕ್ಕೇ ಒಳಗೆ ಕೂತಿರುತ್ತದೆ, ಅಲುಗಾಟಕ್ಕೆ ಬೀಳುವುದಿಲ್ಲ. ಸರಳನ್ನು 60 ಮಿ.ಮೀ. ನೇರ ಬಿಟ್ಟು ತುದಿ ಬಾಗಿಸಿ ಪಿನ್ ಮಾಡಿಸಿ, ತೆಳು ತಂತಿಯಿಂದ ಅಡ್ಡಕೋಲಿಗೆ ಕಟ್ಟಿ. ಕಟ್ಟದ ಪಿನ್ ಒಂದು ವಾರ ಬಾಳದು, ನಾಲ್ಕರಲ್ಲಿ ಒಂದು ಕಳೆದೇ ಹೋಗುತ್ತದೆ.

ಪಾದ ಕತ್ತರಿಸುವುದು ಕೊನೆಗೆ. ಪಿನ್ ಹಾಕಿ ಸಮತಟ್ಟಾದ ನೆಲದ ಮೇಲೆ ಮಂಚ ನಿಲ್ಲಿಸಿ, ಅಲುಗುವ ಕಾಲಿನ ಕೆಳಗೆ ರಟ್ಟು ಕೊಟ್ಟು ನಾಲ್ಕು ಮೂಲೆಯೂ ಒಂದೇ ಎತ್ತರಕ್ಕೆ ಬರುವಂತೆ ಮಾಡಿ. ಆ ಎತ್ತರ 20 ಸೆಂ.ಮೀ.ಗಿಂತ ಎಷ್ಟು ಹೆಚ್ಚಿದೆಯೋ ಅಷ್ಟೇ ದಪ್ಪದ ಹಲಗೆ ತುಂಡಿನ ಮೇಲೆ ಪೆನ್ಸಿಲ್ ಇಟ್ಟು ನಾಲ್ಕೂ ಕಾಲಿನ ಸುತ್ತ ಗೆರೆ ಎಳೆದು ಕೊಯ್ಯಿರಿ. ವಾಲಿಕೆಗೆ ಸರಿಯಾದ ಓರೆ ತಾನಾಗಿ ಬರುತ್ತದೆ. ಮುದಿನಾಯಿಯ 12 ಸೆಂ.ಮೀ. ಮಂಚಕ್ಕೆ ಕಾಲಿನ ತುಂಡು 14 ಸೆಂ.ಮೀ. ಇದ್ದರೆ ಸಾಕು, ಅಡ್ಡಕೋಲು ತುದಿಯಿಂದ 6 ಸೆಂ.ಮೀ. ಮೇಲಿರಲಿ. ಪಾದಕ್ಕೆ ಹಳೆಯ ಸೈಕಲ್ ಟೈರಿನ ತುಂಡು ಬಡಿದರೆ ಟೈಲ್ಸ್ ಮೇಲೆ ಸದ್ದೂ ಇಲ್ಲ, ಜಾರುವುದೂ ಇಲ್ಲ.

ಬಟ್ಟೆ: ಜೋಲೂ ಒಂದು ಅಳತೆ

ಮನೆಯೊಳಗೆ ದಪ್ಪ ಹತ್ತಿ ಕ್ಯಾನ್ವಾಸ್ ಒಳ್ಳೆಯದು. ಮಲೆನಾಡು, ಕರಾವಳಿಯ ಮಳೆಯಲ್ಲಿ ಅದು ಬೂಸ್ಟು ಹಿಡಿಯುತ್ತದೆ, ಅಲ್ಲಿಗೆ ಬ್ಯಾಗ್ ಹೊಲಿಯುವ 600 ಡೆನಿಯರ್ (ನೂಲಿನ ದಪ್ಪದ ಅಳತೆ) ಪಾಲಿಯೆಸ್ಟರ್ ವಾಸಿ. ಟಾರ್ಪಾಲು ಬೇಡ: ಗಾಳಿಯಾಡುವುದಿಲ್ಲ, ಹೊಲಿಗೆಯ ತೂತಿನಿಂದಲೇ ಹರಿಯುತ್ತದೆ. ದೊಡ್ಡ ಕಣ್ಣಿನ ಬಲೆಬಟ್ಟೆಯಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ, ಬೆಕ್ಕಿನ ಮಂಚಕ್ಕಂತೂ ಅದನ್ನು ಮುಟ್ಟಲೇಬೇಡಿ.

ಕ್ಯಾನ್ವಾಸನ್ನು ಕತ್ತರಿಸುವ ಮೊದಲೇ ಒಗೆದು ಒಣಗಿಸಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ. 60 ಸೆಂ.ಮೀ. ಅಗಲದಲ್ಲಿ ಅದು ಎರಡು ಮೂರು ಸೆಂ.ಮೀ. ಹಾಗೇ ಹೊಲಿದರೆ ಒಗೆದ ಮೇಲೆ ಬಟ್ಟೆ ಮಂಚಕ್ಕೆ ಬರುವುದೇ ಇಲ್ಲ.

94 ಸೆಂ.ಮೀ. ಉದ್ದ, 78 ಸೆಂ.ಮೀ. ಅಗಲ ಕತ್ತರಿಸಿ. ಎರಡು ತುದಿಗಳನ್ನು 3 ಸೆಂ.ಮೀ. ಮಡಿಸಿ ಹೊಲಿಯಿರಿ. ಉದ್ದದ ಅಂಚುಗಳನ್ನು 4 ಸೆಂ.ಮೀ. ಮಡಿಸಿ, ಮಡಿಕೆಯೊಳಗೆ 6 ಮಿ.ಮೀ. ನೈಲಾನ್ ಹಗ್ಗ ಇಟ್ಟು, ಹಗ್ಗಕ್ಕೆ ಒತ್ತಿ ಒಂದು ಹೊಲಿಗೆ, 2 ಸೆಂ.ಮೀ. ಬಿಟ್ಟು ಇನ್ನೊಂದು. ಪಾಲಿಯೆಸ್ಟರ್ ನೂಲು, 18ನೇ ನಂಬರಿನ ಸೂಜಿ, ಹೊಲಿಗೆ 3ರಿಂದ 4 ಮಿ.ಮೀ. ಅಂತರದಲ್ಲಿ. ಗಟ್ಟಿಯಾಗಲೆಂದು ಒತ್ತೊತ್ತಾಗಿ ಹೊಲಿದರೆ ಬಟ್ಟೆ ಅಂಚೆಚೀಟಿಯ ಅಂಚಿನಂತಾಗಿ ಆ ಸಾಲಿನಲ್ಲೇ ಹರಿಯುತ್ತದೆ.

ಬಟ್ಟೆ ಉದ್ದ ರೀಪಿನ ಮೇಲೆ ಹಾದು ಹೊರಬದಿಗೆ ಇಳಿಯುತ್ತದೆ. ಅದರ ಮೇಲೆ ಅಲ್ಯುಮಿನಿಯಂ ಪಟ್ಟಿ ಬಿಗಿಯುತ್ತೇವೆ. ಹಗ್ಗ ತುಂಬಿದ ಅಂಚು ಪಟ್ಟಿಯ ಕೆಳ ಅಂಚಿಗಿಂತ ಕೆಳಗಿದ್ದು, ಎಳೆತಕ್ಕೆ ಪಟ್ಟಿಗೆ ಸಿಕ್ಕಿ ನಿಲ್ಲುತ್ತದೆ. ಬೋಲ್ಟ್‌ಗಳು ರೀಪಿನ ತುದಿಯಿಂದ 10 ಸೆಂ.ಮೀ.ಗೆ ಶುರುವಾಗಿ 14 ಸೆಂ.ಮೀ.ಗೊಂದರಂತೆ ಆರು, ಮೇಲಂಚಿನಿಂದ 25 ಮಿ.ಮೀ. ಕೆಳಗೆ. ರೀಪಿನ ಒಳಬದಿಯಿಂದ ಟೀ ನಟ್ ಬಡಿದು ಮರಕ್ಕೆ ಸಮ ಮಾಡಿ. ಟೀ ನಟ್ ಬದಲು ಚಿಟ್ಟೆ ನಟ್ ಹಾಕಿದರೆ ಬಿಚ್ಚುವುದು ಸುಲಭವೇನೋ ಹೌದು, ಆದರೆ ಕಾಲು ಮಡಚಿದಾಗ ಅದಕ್ಕೆ ತಾಗಿ ನಿಂತುಬಿಡುತ್ತದೆ. ಬಟ್ಟೆಯಲ್ಲಿ ಬೋಲ್ಟಿನ ತೂತನ್ನು ಕತ್ತರಿಯಿಂದ ಕತ್ತರಿಸದೆ ಕಾಯಿಸಿದ ಮೊಳೆಯಿಂದ ಸುಟ್ಟು ಮಾಡಿ, ಪಾಲಿಯೆಸ್ಟರ್ ಆದರೆ ಎಳೆ ಬಿಡುವುದಿಲ್ಲ. ಕ್ಯಾನ್ವಾಸಿಗೆ ಐಲೆಟ್ (ತೂತಿನ ಅಂಚಿಗೆ ಕೂರಿಸುವ ಲೋಹದ ಬಳೆ) ಹೊಡೆಸಿ.

ಎಷ್ಟು ಬಿಗಿಯಬೇಕು? ಡೋಲಿನಂತೆ ಟಣ್ ಎನ್ನುವಂತೆ ಬಿಗಿದರೆ ನೋಡಲು ಚೆಂದ, ಚೌಕಟ್ಟಿಗೆ ಕೇಡು. 52 ಸೆಂ.ಮೀ. ಒಳ ಅಗಲದಲ್ಲಿ 20 ಕೆಜಿ ನಾಯಿ ಮಲಗಿದಾಗ ಬಟ್ಟೆ ನಡುವೆ 4 ಸೆಂ.ಮೀ. ಜೋತರೆ ಪ್ರತಿ ಉದ್ದ ರೀಪಿನ ಮೇಲೆ ಒಳಮುಖ ಎಳೆತ ಸುಮಾರು 32 ಕೆಜಿ. ಜೋಲು 2 ಸೆಂ.ಮೀ.ಗೆ ಇಳಿದರೆ 65, ಒಂದೇ ಸೆಂ.ಮೀ. ಆದರೆ 130. ಒಂದಿಂಚು ದಪ್ಪದ ರೀಪು ಹಾಕಿದ ಮಂಚಗಳು ಕೆಲವೇ ತಿಂಗಳಲ್ಲಿ ನಡುವೆ ಸೊಂಟ ಸಣ್ಣಗಾಗಿ ನಿಲ್ಲುವುದಕ್ಕೆ ಕಾರಣ ಇದೇ. ಖಾಲಿಯಿದ್ದಾಗ ನಡುವೆ 2 ಸೆಂ.ಮೀ., ನಾಯಿ ಮಲಗಿದಾಗ 4ರಿಂದ 5. ಇದು ಸರಿಯಾದ ಹದ. 2 ಸೆಂ.ಮೀ. ಜೋಲಿಗೆ ಬೇಕಾಗುವ ಹೆಚ್ಚುವರಿ ಬಟ್ಟೆ ಬರೀ 2 ಮಿ.ಮೀ. ಎಂಬುದು ಹಲವರಿಗೆ ನಂಬಲಾಗದ ಮಾತು. ಟೇಪಿನಿಂದ ಇದನ್ನು ಸಾಧಿಸಲಾಗದು. ಒಂದು ಬದಿ ಪೂರ್ತಿ ಬಿಗಿದು, ಇನ್ನೊಂದು ಬದಿಯ ಬೋಲ್ಟ್ ಸಡಿಲವಿಟ್ಟು, ಮೇಲೊಂದು ನೇರ ಕೋಲು ಅಡ್ಡವಿಟ್ಟು ಕೋಲಿನಿಂದ ಬಟ್ಟೆಗೆ ಸ್ಕೇಲು ಹಿಡಿದು ನೋಡುತ್ತ ಬಿಗಿಯಿರಿ. ಬಟ್ಟೆಯ ತೂತನ್ನು ಸುಡಬೇಕಾದದ್ದೂ ಆ ಜಾಗ ಗೊತ್ತಾದ ಮೇಲೆಯೇ.

ಬಣ್ಣ, ಪರೀಕ್ಷೆ

ನಾಯಿ ನೆಕ್ಕುವ ಮರಕ್ಕೆ ಮನೆಯಲ್ಲಿ ಉಳಿದ ಹಳೆಯ ಎನಾಮೆಲ್ ಬಳಿಯಬೇಡಿ. ಗೆದ್ದಲಿನ ಔಷಧಿಯಂತೂ ಬೇಡವೇ ಬೇಡ. ಅಗಸೆ ಎಣ್ಣೆ ಎರಡು ಕೈ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಒಂದು ವಾರ ಗಾಳಿಗಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಚಿಂದಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ, ಹರಡಿ ಒಣಗಿಸಿ ಬಿಸಾಡಿ.

ನಾಯಿಯನ್ನು ಹತ್ತಿಸುವ ಮೊದಲು 25 ಕೆಜಿ ಅಕ್ಕಿಮೂಟೆಯ ಜತೆ 15 ಲೀಟರ್ ನೀರಿನ ಕ್ಯಾನ್ ಇಟ್ಟು ಒಂದು ಗಂಟೆ ಬಿಡಿ. ನಾಯಿಯ ತೂಕದ ಎರಡು ಪಟ್ಟಾಯಿತು. ಆಮೇಲೆ ಉದ್ದ ರೀಪುಗಳ ನಡುವಿನ ಅಗಲವನ್ನು ತುದಿಯಲ್ಲೂ ಮಧ್ಯದಲ್ಲೂ ಅಳೆಯಿರಿ. ಭಾರ ತೆಗೆದ ಮೇಲೂ ಮಧ್ಯದಲ್ಲಿ 3 ಮಿ.ಮೀ.ಗಿಂತ ಹೆಚ್ಚು ಕಿರಿದಾಗಿಯೇ ಉಳಿದರೆ ಮರ ಹಸಿಯಿದೆ ಅಥವಾ ಬಟ್ಟೆ ಬಿಗಿಯಾಗಿದೆ ಎಂದರ್ಥ. ಕೊನೆಗೆ 10 ಕೆಜಿ ಚೀಲವನ್ನು ಮೊಣಕಾಲೆತ್ತರದಿಂದ ಮಂಚದ ಒಂದು ತುದಿಗೆ ಬೀಳಿಸಿ ನೋಡಿ. ಪಿನ್ ಕದಲಬಾರದು.

ಮಡಚುವಾಗ ಮಂಚವನ್ನು ಬೋರಲು ಹಾಕಿ, ಪಿನ್ ಎಳೆದು, ಕಾಲಿನ ಜೋಡಿಯನ್ನು ಒಳಕ್ಕೆ ಮಲಗಿಸಿ, ನಡುವೆ ವೆಲ್ಕ್ರೋ ಪಟ್ಟಿ ಸುತ್ತಿ. ಸುತ್ತದಿದ್ದರೆ ಎತ್ತಿಕೊಂಡು ಹೋಗುವಾಗ ಕಾಲು ಬಿಚ್ಚಿಕೊಂಡು ನಿಮ್ಮ ಮೊಣಗಂಟಿಗೇ ಬಡಿಯುತ್ತದೆ.

ತಿಂಗಳಿಗೊಮ್ಮೆ ಹನ್ನೆರಡು ಬೋಲ್ಟ್ ಬಿಚ್ಚಿ ಬಟ್ಟೆ ಒಗೆಯಿರಿ, ಚೌಕಟ್ಟನ್ನು ಬಿಸಿಲಿಗಿಡಿ. ಉಣುಗು ನಾಯಿಯ ಮೈಮೇಲೆ ಮೊಟ್ಟೆಯಿಡುವುದಿಲ್ಲ, ಉದುರಿ ಬಿದ್ದು ಗೋಡೆಯ ಬಿರುಕು, ಮರದ ಸಂದು ಹುಡುಕುತ್ತದೆ. ಈ ಮಂಚದಲ್ಲಿ ಅದಕ್ಕೆ ಪ್ರಿಯವಾದ ಜಾಗ ಎರಡು: ಬೋಲ್ಟಿನ ತಲೆ ಅಡಗಿದ ನಾಲ್ಕು ಕುಳಿ, ಹಗ್ಗದ ಮಡಿಕೆಯ ತೆರೆದ ಬಾಯಿ. ಮಡಿಕೆಯ ಬಾಯನ್ನು ಹೊಲಿದು ಮುಚ್ಚಿ, ಕುಳಿಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ಕುದಿನೀರು ಹನಿಸಿ. ಬೆಕ್ಕಿರುವ ಮನೆಯಾದರೆ ಮಂಚ ತೊಳೆಯಲು ಫಿನಾಯಿಲ್ ಬಳಸಬೇಡಿ, ಮೈ ನೆಕ್ಕುವ ಬೆಕ್ಕಿಗೆ ಅದು ವಿಷ. ಸೋಪಿನ ನೀರು, ಬಿಸಿಲು ಸಾಕು.